ಬೆಟ್ಟ ಹತ್ತಲಾರದವರ ಹರಕೆ



ಎಪ್ಪತ್ತೇಳು ಮಲೆಯ ಒಡೆಯ ಮಾದಪ್ಪನ ಸನ್ನಿಧಿಗೆ ಬರುವ ಭಕ್ತರಲ್ಲಿ ಹಲವು ಬಗೆಯವರು ಉಂಟು. ತಾಳಬೆಟ್ಟದಿಂದ ಬರಿಗಾಲಲ್ಲಿ ನಡೆದು ಬರುವವರು, ಉರುಳು ಸೇವೆ ಮಾಡುವವರು, ಪಂಜಿನ ಸೇವೆ ಮಾಡುವವರು, ಮುಡಿ ಕೊಡುವವರು, ಹುಲಿವಾಹನ ಎಳೆಸುವವರು, ಹೀಗೆ ಅವರವರ ಶಕ್ತಿ, ಅವರವರ ಭಕ್ತಿ. ಆದರೆ ನಡೆಯಲು ಕಾಲಿಲ್ಲದವರು, ಉರುಳಲು ಮೈ ಒಗ್ಗದವರು, ಕೊಡಲು ತಲೆಯಲ್ಲಿ ಮುಡಿಯೂ ಉಳಿಯದವರು ಏನು ಮಾಡಬೇಕು? ಅವರ ಹರಕೆ ದೇವರಿಗೆ ಸಲ್ಲುವುದಿಲ್ಲವೇ? ಈ ಪ್ರಶ್ನೆ ಅನೇಕರ ಮನಸ್ಸಿನಲ್ಲಿ ಇರುತ್ತದೆ, ಬಾಯಿ ಬಿಟ್ಟು ಕೇಳುವುದಿಲ್ಲ ಅಷ್ಟೆ. ಇದಕ್ಕೆ ಪುರಾಣದಲ್ಲಿ ಒಂದು ಉತ್ತರ ಇದೆ, ಲೋಕದ ಬಾಳಿನಲ್ಲಿ ಇನ್ನೊಂದು ಉತ್ತರ ಇದೆ. ಎರಡನ್ನೂ ಸಾವಧಾನವಾಗಿ ಓದಬೇಕು.

ಅಷ್ಟಾವಕ್ರನ ಕಥೆ

ಮಹಾಭಾರತದ ವನಪರ್ವದಲ್ಲಿ ಪಾಂಡವರು ತೀರ್ಥಯಾತ್ರೆ ಹೊರಟಾಗ ಲೋಮಶ ಮುನಿಗಳು ಧರ್ಮರಾಯನಿಗೆ ಹೇಳಿದ ಕಥೆ ಇದು. ಯಾತ್ರಿಕರಿಗೆಂದೇ ಹೇಳಿದ ಕಥೆ ಎಂದರೂ ತಪ್ಪಿಲ್ಲ.

ಉದ್ದಾಲಕ ಮುನಿಯ ಶಿಷ್ಯ ಕಹೋಡ. ಗುರುವು ತನ್ನ ಮಗಳು ಸುಜಾತೆಯನ್ನು ಅವನಿಗೇ ಕೊಟ್ಟು ಮದುವೆ ಮಾಡಿದ. ಸುಜಾತೆ ಗರ್ಭವತಿಯಾಗಿದ್ದಾಗ, ಕಹೋಡ ರಾತ್ರಿಯೆಲ್ಲಾ ಕೂತು ವೇದ ಓದುತ್ತಿದ್ದ. ಹೊಟ್ಟೆಯೊಳಗಿನ ಕೂಸು, ಅಪ್ಪಾ ನಿನ್ನ ಪಾಠ ಸರಿಯಾಗಿ ಬರ್ತಾ ಇಲ್ಲ ಅಂತ ಹೇಳಿತು. ಶಿಷ್ಯರ ಎದುರಿಗೆ ಅವಮಾನವಾಯಿತೆಂದು ಅಪ್ಪನಿಗೆ ಸಿಟ್ಟು ಬಂದು, ನಿನ್ನ ಮೈ ಎಂಟು ಕಡೆ ಸೊಟ್ಟಗಾಗಲಿ ಎಂದು ಶಾಪ ಕೊಟ್ಟ. ಕೂಸು ಹಾಗೆಯೇ ಹುಟ್ಟಿತು. ಅದಕ್ಕೇ ಅಷ್ಟಾವಕ್ರ ಎಂಬ ಹೆಸರು.

ಮಗು ಹುಟ್ಟುವ ಮೊದಲೇ ಕಹೋಡ ಹಣ ಸಂಪಾದನೆಗೆಂದು ಜನಕರಾಜನ ಆಸ್ಥಾನಕ್ಕೆ ಹೋದ. ಅಲ್ಲಿ ಬಂದಿ ಎಂಬ ಪಂಡಿತನೊಡನೆ ವಾದ ಮಾಡಿ ಸೋತ. ಸೋತವರನ್ನು ನೀರಿನಲ್ಲಿ ಮುಳುಗಿಸುವುದು ಬಂದಿಯ ಪಣ. ಕಹೋಡನೂ ನೀರುಪಾಲಾದ. ಮನೆಯಲ್ಲಿ ಈ ಸುದ್ದಿಯನ್ನು ಮಗನಿಗೆ ಹೇಳದೆ ಮುಚ್ಚಿಟ್ಟರು. ಹುಡುಗ ತಾತ ಉದ್ದಾಲಕನನ್ನೇ ಅಪ್ಪ ಅಂದುಕೊಂಡು ಬೆಳೆದ. ಹನ್ನೆರಡನೇ ವಯಸ್ಸಿನಲ್ಲಿ ಒಂದು ದಿನ ಸೋದರಮಾವ ಶ್ವೇತಕೇತು, ಇದು ನಿನ್ನಪ್ಪನ ತೊಡೆಯಲ್ಲ ಇಳಿ ಅಂತ ಎಳೆದು ಹಾಕಿದಾಗ ಹುಡುಗ ಅಳುತ್ತಾ ತಾಯಿಯ ಹತ್ತಿರ ಹೋಗಿ ಕೇಳಿದ. ತಾಯಿ ಆಗ ಎಲ್ಲವನ್ನೂ ಹೇಳಿದಳು.

ಮುಂದಿನದು ಗೊತ್ತೇ ಇದೆ. ಸೊಟ್ಟ ಕಾಲಿನ ಹುಡುಗ ಅಷ್ಟು ದೂರ ನಡೆದ. ಯಜ್ಞಶಾಲೆಯ ಬಾಗಿಲಲ್ಲಿ ಕಾವಲುಗಾರ ತಡೆದು, ಇದು ಹುಡುಗರು ಬರೋ ಜಾಗವಲ್ಲ ಅಂದ. ಹುಡುಗ ಮಾತಿನಿಂದಲೇ ಬಾಗಿಲು ತೆರೆಸಿದ, ಬಂದಿಯನ್ನು ವಾದದಲ್ಲಿ ಗೆದ್ದ. ಬಂದಿ ವರುಣನ ಮಗ. ಮುಳುಗಿದವರೆಲ್ಲಾ ವರುಣನ ಯಜ್ಞದಲ್ಲಿ ಕ್ಷೇಮವಾಗಿದ್ದರು, ತಿರುಗಿ ಬಂದರು. ಕಹೋಡನೂ ಬಂದ. ಶಾಪ ಕೊಟ್ಟ ಅಪ್ಪನನ್ನು ಶಾಪ ಹೊತ್ತ ಮಗನೇ ಬಿಡಿಸಿಕೊಂಡು ಬಂದ.

ಇಲ್ಲಿ ಮೂರು ಮಾತು ಗಮನಿಸಬೇಕು. ಒಂದು, ಆ ಹುಡುಗನ ಬಲ ಕಾಲಿನಲ್ಲಿ ಇರಲಿಲ್ಲ, ತಿಳಿವಳಿಕೆಯಲ್ಲಿ ಇತ್ತು. ಎರಡು, ನಿನ್ನಿಂದಲೇ ನನಗೆ ಹೀಗಾಯ್ತು ಅಂತ ಅವನು ತಂದೆಯ ಮೇಲೆ ಹಗೆ ಇಟ್ಟುಕೊಳ್ಳಲಿಲ್ಲ. ಮೂರನೆಯದು ಮುಖ್ಯವಾದುದು. ಮನೆಯವರು ಸತ್ಯವನ್ನು ಮುಚ್ಚಿಟ್ಟಿದ್ದಷ್ಟು ಕಾಲ ತಂದೆ ನೀರಿನಲ್ಲೇ ಇದ್ದ. ತಾಯಿ ಬಾಯಿ ಬಿಟ್ಟು ಹೇಳಿದ ಮೇಲೆಯೇ ಮಗನಿಗೆ ಹೊರಡಲು ದಾರಿಯಾಯಿತು.

ಒಂದು ಮನೆಯ ಕಥೆ

ಈಗ ಲೋಕದ ಕಥೆ. ಮಳವಳ್ಳಿ ಸೀಮೆಯ ಒಂದು ಒಕ್ಕಲು ಮನೆ. ತಂದೆಗೆ ಆಲೆಮನೆಯಲ್ಲಿ ಕೆಲಸ. ಒಬ್ಬನೇ ಮಗ. ಅವನಿಗೆ ಹುಟ್ಟಿನಿಂದ ಹಿಮೋಫಿಲಿಯಾ, ಕನ್ನಡದಲ್ಲಿ ಕುಸುಮ ರೋಗ ಅಂತ ಹೇಳುತ್ತಾರೆ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಮೈಯಲ್ಲಿ ಇರುವುದಿಲ್ಲ, ಅಥವಾ ತೀರಾ ಕಮ್ಮಿ ಇರುತ್ತದೆ. ಈ ರೋಗದ ಹೆಚ್ಚು ಕಾಣುವ ಬಗೆಯು ಸುಮಾರು 5000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ ಎಂಬುದಷ್ಟೇ ಅಲ್ಲ, ಹೊರಗೆ ಗಾಯವಿಲ್ಲದೆಯೂ ಮಂಡಿ, ಮೊಣಕೈ, ಹರಡಿನ ಕೀಲುಗಳ ಒಳಗೆ ರಕ್ತ ಸೋರಿ ಊದಿಕೊಳ್ಳುತ್ತದೆ. ಪದೇ ಪದೇ ಹೀಗಾದರೆ ಕೀಲು ಸವೆದು ಬಿಗಿದುಹೋಗುತ್ತದೆ. ಹುಡುಗನ ಎಡ ಮಂಡಿ ಹತ್ತನೇ ವಯಸ್ಸಿಗೇ ಪೂರಾ ನೀಡದಂತೆ ಬಗ್ಗಿ ನಿಂತಿತ್ತು. ಊರುಗೋಲು ಹಿಡಿದೇ ಶಾಲೆಗೆ ಹೋಗುತ್ತಿದ್ದ.

ಊರಿನವರ ಬಾಯಿ ಮುಚ್ಚಿಸಲಾದೀತೇ? ನಾಗದೋಷ ಅಂದರು, ಪೂರ್ವಜನ್ಮದ ಕರ್ಮ ಅಂದರು. ತಾಯಿಯ ಅಣ್ಣನೊಬ್ಬ ಚಿಕ್ಕ ವಯಸ್ಸಿನಲ್ಲಿ ಹಲ್ಲು ಬಿದ್ದ ರಕ್ತ ನಿಲ್ಲದೆ ತೀರಿಹೋಗಿದ್ದ. ತವರಿನ ಶಾಪವನ್ನು ಹೊತ್ತು ತಂದಳು ಅಂತ ನೆಂಟರೇ ಆಡಿದರು. ತಾಯಿ ಅದನ್ನು ನಂಬಿದಳು. ನನ್ನಿಂದಲೇ ಮಗನಿಗೆ ಬಂತು ಎಂಬ ಮುಳ್ಳು ಅವಳ ಎದೆಯಲ್ಲಿ ಕೂತುಬಿಟ್ಟಿತು.

ಈ ರೋಗ ತಾಯಿಯ ಕಡೆಯಿಂದ ಹರಿಯುತ್ತದೆ ಎಂಬುದು ನಿಜ. ರೋಗವಾಹಕ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಆದರೆ ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳ ವಂಶದಲ್ಲಿ ಹಿಂದೆ ಯಾರಿಗೂ ಇದ್ದ ಸುಳಿವೇ ಇರುವುದಿಲ್ಲ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯೂ ಈ ರೋಗದ ವಾಹಕಳೇ. ಅವಳ ಮಗ ಲಿಯೋಪೋಲ್ಡ್ 1884ರಲ್ಲಿ ಬಿದ್ದು ಪೆಟ್ಟಾಗಿ ಮೂವತ್ತನೇ ವಯಸ್ಸಿಗೇ ತೀರಿಕೊಂಡ. ರಷ್ಯಾದ ಕೊನೆಯ ಚಕ್ರವರ್ತಿಯ ಮಗನಿಗೂ ಇದೇ ಇತ್ತು. ಅರಮನೆಗೂ ಗುಡಿಸಲಿಗೂ ಬರುವ ಕಾಯಿಲೆಯನ್ನು ಒಬ್ಬ ಬಡ ತಾಯಿಯ ಪಾಪ ಅಂತ ಹೇಳುವುದು ಯಾವ ಧರ್ಮ? ರಕ್ತದಲ್ಲಿ ಹರಿದದ್ದು ಪಾಪವಲ್ಲ. ಹೆತ್ತವಳ ಎದೆಗೆ ಚುಚ್ಚುವ ಮಾತೇ ಪಾಪ.

2023ರ ಯುಗಾದಿ ಜಾತ್ರೆಗೆ ಆ ತಾಯಿ ಬೆಟ್ಟಕ್ಕೆ ಬಂದು ಹರಕೆ ಕಟ್ಟಿಕೊಂಡಳು. ಮಗನ ಮಂಡಿ ನೆಟ್ಟಗಾದರೆ ತಾಳಬೆಟ್ಟದಿಂದ ನಡೆದು ಬಂದು ಮುಡಿ ಕೊಡುತ್ತೇನೆ ಅಂತ. ಮಂಡಿ ಮುಟ್ಟುವ ಜಡೆ ಅವಳದು. ಆದರೆ ಆವತ್ತೇ ಅವಳ ಎದೆಯಲ್ಲಿ ಒಂದು ಗಂಟು ಇತ್ತು. ನೆಲ್ಲಿಕಾಯಿಯಷ್ಟಿತ್ತು, ನೋವಿರಲಿಲ್ಲ. ನೋವಿಲ್ಲವಲ್ಲ ಅಂತ ಅವಳು ಯಾರಿಗೂ ಹೇಳಲಿಲ್ಲ. ಮಗನ ಆಸ್ಪತ್ರೆ ಓಡಾಟಕ್ಕೇ ಕೂಲಿ ಸಾಲದು, ನನ್ನದೊಂದು ಬೇರೆ ಯಾಕೆ ಅಂತ ಎಂಟು ತಿಂಗಳು ಮುಚ್ಚಿಟ್ಟಳು. ಕೊನೆಗೆ ಮೈ ತೊಳೆಯುವಾಗ ಅತ್ತೆ ಕಂಡು ಕೂಗಾಡಿದ ಮೇಲೆ ವೈದ್ಯರ ಬಳಿಗೆ ಹೋದದ್ದು. ಪರೀಕ್ಷೆಯಲ್ಲಿ ಸ್ತನ ಕ್ಯಾನ್ಸರ್ ಅಂತ ಬಂತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರೆದುಕೊಟ್ಟರು. ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಶುರುವಾಯಿತು. ಮೊದಲು ಇಪ್ಪತ್ತೊಂದು ದಿನಕ್ಕೊಂದು ಕೀಮೋ, ಆಮೇಲೆ ಆಪರೇಷನ್, ಆಮೇಲೆ ಕರೆಂಟು ಕೊಡುವುದು ಅಂತ ತೀರ್ಮಾನವಾಯಿತು.

ಎರಡನೇ ಕೀಮೋದ ಹೊತ್ತಿಗೆ ಮಂಡಿ ಮುಟ್ಟುವ ಜಡೆ ದಿಂಬಿನ ಮೇಲೆ ಉದುರಿತು. ಅವಳು ಕ್ಯಾನ್ಸರಿಗೆ ಅಳಲಿಲ್ಲ, ಅದಕ್ಕೆ ಅತ್ತಳು. ಮಾದಪ್ಪನಿಗೆ ಅಂತ ಎತ್ತಿಟ್ಟ ಮುಡಿ ಹೋಯ್ತಲ್ಲಪ್ಪಾ, ಇನ್ನೇನ್ ಕೊಡ್ಲಿ ಅಂತ.

ಮುಚ್ಚಿಟ್ಟ ನೋವು

2024ರ ಜನವರಿ. ಮಾರನೇ ದಿನ ಕೀಮೋ ಇತ್ತು, ಗಂಡ ಹೆಂಡಿರು ಬೆಳಗಿನ ಜಾವದ ಬಸ್ಸಿಗೆ ಹೊರಡಬೇಕು. ಆ ರಾತ್ರಿ ಹುಡುಗನ ಮಂಡಿಯಲ್ಲಿ ಜುಮುಗುಟ್ಟಲು ಶುರುವಾಯಿತು. ಒಳಗೆ ರಕ್ತ ಸೋರುವುದಕ್ಕೆ ಇದು ಮೊದಲ ಸೂಚನೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಆಗಲೇ ಜಿಲ್ಲಾಸ್ಪತ್ರೆಗೆ ಹೋಗಿ ಫ್ಯಾಕ್ಟರ್ ಚುಚ್ಚಿಸಿಕೊಂಡರೆ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಹೇಳಿದರೆ ಅಪ್ಪ ತನ್ನ ಜೊತೆ ಉಳಿಯುತ್ತಾನೆ, ಅವ್ವನ ಕೀಮೋ ತಪ್ಪುತ್ತದೆ ಅಂತ ಹುಡುಗ ಲುಂಗಿ ಎಳೆದುಕೊಂಡು ಸುಮ್ಮನೆ ಮಲಗಿದ. ಅವರು ಮೂರನೇ ದಿನ ವಾಪಸ್ಸು ಬಂದಾಗ ಮಂಡಿ ಸೋರೆಕಾಯಿಯಂತೆ ಊದಿ, ಚರ್ಮ ಮಿರಮಿರ ಹೊಳೆಯುತ್ತಿತ್ತು. ಜ್ವರ ಬಂದವನಂತೆ ನಡುಗುತ್ತಿದ್ದ. ಆಸ್ಪತ್ರೆಯಲ್ಲಿ ಫ್ಯಾಕ್ಟರ್ ಕೊಟ್ಟು ರಕ್ತ ನಿಲ್ಲಿಸಿದರು. ಜೀವಕ್ಕೇನೂ ಆಗಲಿಲ್ಲ, ಆದರೆ ಮಂಡಿ ಇದ್ದುದಕ್ಕಿಂತ ಇನ್ನಷ್ಟು ಬಗ್ಗಿಹೋಯಿತು.

ತಾಯಿ ಮಂಚದ ಪಕ್ಕ ಕೂತು ಬೈಯಲು ಬಾಯಿ ತೆರೆದಳು. ಯಾಕ್ ಮಗಾ ಹೇಳ್ನಿಲ್ಲ?

ಹುಡುಗ ಹೇಳಿದ್ದು ಒಂದೇ ಮಾತು. ನೀನೂ ಹೇಳ್ನಿಲ್ವಲ್ಲವ್ವ.

ತಾಯಿಗೆ ಉತ್ತರ ಹೊಳೆಯಲಿಲ್ಲ. ಮಗನಿಗಾಗಿ ತಾಯಿ ಗಂಟು ಮುಚ್ಚಿಟ್ಟಳು, ತಾಯಿಗಾಗಿ ಮಗ ಮಂಡಿ ಮುಚ್ಚಿಟ್ಟ. ಇಬ್ಬರದೂ ಪ್ರೀತಿಯೇ. ಆದರೆ ಆ ಪ್ರೀತಿಯಿಂದ ಅವಳ ಗಂಟು ಬೆಳೆಯಿತು, ಇವನ ಕಾಲು ಬಗ್ಗಿತು. ತ್ಯಾಗ ಅಂದುಕೊಂಡು ಮಾಡಿದ್ದು ಇಬ್ಬರಿಗೂ ನಷ್ಟವಾಯಿತು. ಭಕ್ತರು ಇದನ್ನು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೋವನ್ನು ನುಂಗುವುದು ತಪಸ್ಸಲ್ಲ. ಒಲೆಯ ಕೆಂಡವನ್ನು ಸೆರಗಿನಲ್ಲಿ ಮುಚ್ಚಿಟ್ಟರೆ ಮನೆ ಬೆಚ್ಚಗಾಗುವುದಿಲ್ಲ, ಸೆರಗು ಸುಡುತ್ತದೆ.

ಆವತ್ತಿನಿಂದ ಆ ಮನೆಯಲ್ಲಿ ಒಂದು ನೇಮ ಬಂತು. ಬೆಳಗ್ಗೆ ಎದ್ದು ಮುಖ ತೊಳೆದು ವಿಭೂತಿ ಇಟ್ಟುಕೊಂಡ ಮೇಲೆ, ಕಾಫಿ ಕುಡಿಯುವ ಮುಂಚೆ, ತಾಯಿ ಮಗ ಎದುರಾಬದುರು ಕೂತು ಇವತ್ತು ಎಲ್ಲೆಲ್ಲಿ ನೋವು ಅಂತ ಇದ್ದದ್ದು ಇದ್ದ ಹಾಗೆ ಹೇಳಬೇಕು. ಮಾದಪ್ಪನ ಪಟದ ಮುಂದೆ ಹೇಳುವುದರಿಂದ ಸುಳ್ಳು ಹೇಳುವ ಹಾಗಿಲ್ಲ. ಹುಡುಗ ಹತ್ತನೇ ತರಗತಿಯ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದು ಒಂದು ಕಡೆ ಅವ್ವ, ಒಂದು ಕಡೆ ತಾನು ಅಂತ ಬರೆದುಕೊಂಡ. ಯಾವ ತಾರೀಖು ಯಾವ ಔಷಧಿ, ಎಷ್ಟು ಜ್ವರ, ಊಟ ಸೇರಿತೋ ಇಲ್ಲವೋ, ಮಂಡಿಗೆ ಎಷ್ಟು ಹೊತ್ತು ಐಸ್ ಇಟ್ಟಿದ್ದು, ಎಲ್ಲವೂ ಅದರಲ್ಲಿ.

ಕೀಮೋ ತೆಗೆದುಕೊಂಡವರಿಗೆ ರಕ್ತದಲ್ಲಿ ಬಿಳಿ ಕಣ ಕಮ್ಮಿಯಾಗಿ ಸೋಂಕು ತಡೆಯುವ ಶಕ್ತಿ ಇಳಿದುಹೋಗುತ್ತದೆ. ಆಗ ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು ಅಂತ ವೈದ್ಯರು ಹೇಳಿ ಕಳಿಸುತ್ತಾರೆ. ಹುಡುಗ ಆ ಅಂಕಿಯನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದ. ಫೆಬ್ರವರಿಯ ಒಂದು ರಾತ್ರಿ ತಾಯಿ ಚಳಿ ಚಳಿ ಅಂದಳು. ಅತ್ತೆ ಕಷಾಯ ಕಾಯಿಸಿದರು, ತಂದೆ ಕಂಬಳಿ ಹೊದಿಸಿದ. ಹುಡುಗ ಥರ್ಮಾಮೀಟರ್ ಇಟ್ಟು ನೋಡಿದ, 101. ಬೆಳಗ್ಗೆ ನೋಡಣ ಬಿಡ್ಲಾ ಅಂತ ತಂದೆ ಹೇಳಿದರೂ ಕೇಳದೆ 108ಕ್ಕೆ ಫೋನು ಹಚ್ಚಿ, ಕೀಮೋ ಆಗಿ ಹತ್ತು ದಿನ ಆಗಿದೆ, ಜ್ವರ 101 ಅಂತ ವಿವರ ಒಪ್ಪಿಸಿದ. ನೋಟ್‌ಬುಕ್ಕನ್ನು ಅಪ್ಪನ ಕೈಗೆ ಕೊಟ್ಟು ಆಂಬುಲೆನ್ಸ್ ಹತ್ತಿಸಿದ. ಆಸ್ಪತ್ರೆಯಲ್ಲಿ ಆ ಹಾಳೆ ನೋಡಿಯೇ ಬೇಗನೆ ಔಷಧಿ ಶುರುಮಾಡಿದರು. ಆರು ದಿನಕ್ಕೆ ತಾಯಿ ಮನೆಗೆ ಬಂದಳು.

ಅಷ್ಟಾವಕ್ರ ನೀರಿನಿಂದ ತಂದೆಯನ್ನು ತಂದ ಹಾಗೆ, ಊರುಗೋಲಿನ ಹುಡುಗ ಜ್ವರದಿಂದ ತಾಯಿಯನ್ನು ತಂದ. ಓಡಿ ತಂದದ್ದಲ್ಲ, ಹೊತ್ತು ತಂದದ್ದಲ್ಲ. ತಿಳಿದುಕೊಂಡು, ಬರೆದಿಟ್ಟುಕೊಂಡು, ಸರಿಯಾದ ಹೊತ್ತಿಗೆ ಬಾಯಿ ಬಿಟ್ಟು ಹೇಳಿ ತಂದ. ಅದೇ ವರ್ಷ ಮಾರ್ಚಿಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೂ ಬರೆದು ಪಾಸಾದ.

ಹರಕೆಯ ಲೆಕ್ಕ

ಆಪರೇಷನ್, ಕರೆಂಟು ಎಲ್ಲಾ ಮುಗಿದು 2024ರ ದೀಪಾವಳಿಗೆ ಆ ಮನೆಯವರು ಬೆಟ್ಟಕ್ಕೆ ಬಂದರು. ತಾಳಬೆಟ್ಟದಿಂದ ನಡೆಯಲಿಲ್ಲ, ಬಸ್ಸಿನಲ್ಲೇ ಬಂದರು. ತಾಯಿಯ ತಲೆಯಲ್ಲಿ ಎರಡು ಬೆರಳಷ್ಟು ಕೂದಲು ಹೊಸದಾಗಿ ಬಂದಿತ್ತು. ಮಂಡೀನೂ ನೆಟ್ಟಗಾಗ್ಲಿಲ್ಲ, ಮುಡೀನೂ ಉಳೀಲಿಲ್ಲ, ನಡ್ಕೊಂಡೂ ಬರ್ನಿಲ್ಲ, ನನ್ ಹರಕೆ ಏನಾಯ್ತು ಅಂತ ವಯಸ್ಸಾದ ತಮ್ಮಡಿಗಳೊಬ್ಬರ ಮುಂದೆ ಕಣ್ಣೀರು ಹಾಕಿದಳು. ಮಗನ ಕೈಲಾದ್ರೂ ಉರುಳು ಸೇವೆ ಮಾಡಿಸ್ಲಾ ಅಂತ ಕೇಳಿದಳು.

ತಮ್ಮಡಿಗಳು ಹುಡುಗನ ಕಾಲು ನೋಡಿದರು, ಅವಳ ತಲೆ ನೋಡಿದರು. ಒಂದೇ ಸಾಲನ ಎರಡು ಸಲ ವಸೂಲಿ ಮಾಡೋಕೆ ಮಾದಪ್ಪ ಬಡ್ಡಿ ಸಾವ್ಕಾರ ಅಲ್ಲ ಕಣವ್ವ ಅಂದರು. ಆಸ್ಪತ್ರೆ ದಿಂಬಿನ ಮೇಲೆ ಉದುರಿದ್ದೂ ಅವನ ಪಾದಕ್ಕೇ ಉದುರಿದ್ದು. ಈ ಕೂಸಿನ ಮೈ ಉರುಳೋ ಮೈಯಲ್ಲ, ಕಲ್ಲು ತಾಗಿದ್ರೆ ಒಳಗೆ ರಕ್ತ ಒಡೀತದೆ ಅಂತ ನೀನೇ ಹೇಳ್ತೀಯ. ಅವನು ಕೊಟ್ಟ ಮೈಯ ಒಡೆದು ಅವನಿಗೇ ಕೊಟ್ರೆ ತಕೋತಾನಾ? ಬೆಳಗ್ಗೆ ಎದ್ದು ನಿಜ ಹೇಳ್ತೀವಿ ಅಂದ್ಯಲ್ಲ, ಅದೇ ಸೇವೆ, ಅದನ್ನ ಬಿಡಬೇಡಿ ಅಂದರು. ಹಣೆಗೆ ವಿಭೂತಿ ಇಟ್ಟು ಕಳಿಸಿದರು.

ಶರಣೆ ಸಂಕಮ್ಮನ ಕಥೆ ಕಂಸಾಳೆಯವರ ಬಾಯಲ್ಲಿ ಎಲ್ಲರೂ ಕೇಳಿದ್ದೇ. ಗಂಡ ನೀಲಯ್ಯ ಅವಳನ್ನು ಕಾಡಿನ ಗುಡಿಸಿಲಲ್ಲಿ ಕಟ್ಟುಮಾಡಿ ಜೇನಿಗೆ ಹೋದಾಗ ಅವಳು ನಡೆದು ಬೆಟ್ಟಕ್ಕೆ ಬರಲಿಲ್ಲ, ಬರುವ ಸ್ಥಿತಿಯಲ್ಲಿ ಇರಲಿಲ್ಲ. ಮಾದಪ್ಪನೇ ಅವಳ ಗುಡಿಸಿಲಿಗೆ ಹೋದ. ಬರಲಾಗದವರ ಬಳಿಗೆ ತಾನೇ ಹೋಗುವ ದೇವರ ಬೆಟ್ಟ ಇದು. ಹಾಗಿರುವಾಗ ಆಸ್ಪತ್ರೆಯ ವಾರ್ಡಿಗೆ ಬರಲು ಅವನಿಗೆ ದಾರಿ ಗೊತ್ತಿಲ್ಲವೇ?

ಅಷ್ಟಾವಕ್ರ ಕೊನೆಗೆ ಸಮಂಗಾ ನದಿಯಲ್ಲಿ ಮಿಂದು ಅಂಗಾಂಗ ನೆಟ್ಟಗಾದ ಎಂದು ಪುರಾಣ ಹೇಳುತ್ತದೆ. ಈ ಹುಡುಗನ ಮಂಡಿ ನೆಟ್ಟಗಾಗಿಲ್ಲ. ಅವನಿಗೆ ಬಾಳೆಲ್ಲಾ ಫ್ಯಾಕ್ಟರ್ ಬೇಕು. ತಾಯಿಯೂ ಆಗಾಗ ತಪಾಸಣೆಗೆ ಹೋಗಲೇಬೇಕು. ಎಲ್ಲರಿಗೂ ಸಮಂಗಾ ನದಿ ಸಿಕ್ಕುವುದಿಲ್ಲ. ಆದರೆ ಅಷ್ಟಾವಕ್ರ ಸಭೆಯಲ್ಲಿ ಗೆದ್ದದ್ದೂ ತಂದೆಯನ್ನು ತಂದದ್ದೂ ಮೈ ನೆಟ್ಟಗಾದ ಮೇಲೆ ಅಲ್ಲ, ಸೊಟ್ಟಗಿದ್ದಾಗಲೇ ಎಂಬುದನ್ನು ಮರೆಯಬಾರದು. ಕಷ್ಟ ಮನುಷ್ಯನಿಗಲ್ಲದೆ ಮರಕ್ಕೆ ಬರುತ್ತದೆಯೇ ಅಂತ ಹಿರಿಯರು ಹೇಳುತ್ತಾರೆ. ಬಂದ ಕಷ್ಟವನ್ನು ಒಬ್ಬೊಬ್ಬರೇ ಹೊರುವುದೋ, ಹೇಳಿಕೊಂಡು ಕೂಡಿ ಹೊರುವುದೋ ಎಂಬುದಷ್ಟೇ ಮನುಷ್ಯನ ಕೈಯಲ್ಲಿ ಇರುವುದು.

ಯಾತ್ರಿಕರಲ್ಲಿ ವಿನಂತಿ

ಇಂಥ ಮಕ್ಕಳೂ ರೋಗಿಗಳೂ ಇರುವ ಮನೆಯವರು ಈ ಕೆಳಗಿನ ಮಾತುಗಳನ್ನು ದಯಮಾಡಿ ಗಮನಿಸಬೇಕು.

ಗಂಡುಮಗುವಿಗೆ ಸಣ್ಣ ಗಾಯದ ರಕ್ತ ನಿಲ್ಲದಿದ್ದರೆ, ಕೀಲು ಪದೇ ಪದೇ ಊದಿದರೆ ತಾಯತ ಕಟ್ಟಿಸಿ ಸುಮ್ಮನಾಗದೆ ರಕ್ತಪರೀಕ್ಷೆ ಮಾಡಿಸಿ. ಕುಸುಮ ರೋಗ ಇರುವವರ ಊದಿದ ಕೀಲಿಗೆ ಎಣ್ಣೆ ಹಚ್ಚಿ ನೀವಬಾರದು, ಐಸ್ ಇಟ್ಟು ಅಲುಗಾಡಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಆಸ್ಪಿರಿನ್‌ನಂಥ ನೋವಿನ ಮಾತ್ರೆ ವೈದ್ಯರನ್ನು ಕೇಳದೆ ಕೊಡಬಾರದು. ಬೆಟ್ಟದಲ್ಲಿ ಮುಡಿ ತೆಗೆಸುವುದಿದ್ದರೆ ಕ್ಷೌರಿಕರಿಗೆ ಮೊದಲೇ ತಿಳಿಸಿ, ಕತ್ತರಿಯಲ್ಲಿ ಒಂದು ಹಿಡಿ ತೆಗೆಸಿದರೂ ಸಾಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾವನ್ನೂ ಸೇರಿಸಲಾಗಿದೆ, ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಹೆಣ್ಣುಮಕ್ಕಳು ಎದೆಯಲ್ಲಿ ಗಂಟು ಕಂಡರೆ, ನೋವಿಲ್ಲ ಎಂದು ಬಿಡಬೇಡಿ, ನಾಚಿಕೆ ಪಡಬೇಡಿ. ಬೇಗ ಕಂಡರೆ ವಾಸಿಯಾಗುವ ಸಂಭವ ಹೆಚ್ಚು. ಕೀಮೋ ನಡೆಯುವಾಗ ಜಾತ್ರೆಯ ನೂಕುನುಗ್ಗಲಿಗೆ ಬರುವುದು ಬೇಡ, ಮನೆಯಿಂದಲೇ ಕೈ ಮುಗಿದರೂ ಸಲ್ಲುತ್ತದೆ. ಹರಕೆಯ ಉಪವಾಸಕ್ಕೆಂದು ಯಾರೂ ಮಾತ್ರೆ ತಪ್ಪಿಸಬಾರದು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂದಿದೆ. ಅದು ಬೆಟ್ಟಕ್ಕೆ ಬರುವುದಕ್ಕಷ್ಟೇ ಅಲ್ಲ, ಆಸ್ಪತ್ರೆಗೆ ಹೋಗುವುದಕ್ಕೂ ಹೌದು.

ಇನ್ನು ಗಟ್ಟಿಮುಟ್ಟಾಗಿ ನಡೆದು ಬರುವ ಭಕ್ತರಿಗೊಂದು ಮಾತು. ಸರದಿಯಲ್ಲಿ ಊರುಗೋಲು ಹಿಡಿದ ಹುಡುಗನೋ, ತಲೆಗೆ ಬಟ್ಟೆ ಸುತ್ತಿದ ತಾಯಿಯೋ ಕಂಡರೆ ಯಾವ ಕರ್ಮವೋ ಎಂದು ಲೊಚಗುಟ್ಟಬೇಡಿ. ಒಂದು ಹೆಜ್ಜೆ ಹಿಂದೆ ಸರಿದು ಮುಂದೆ ಬಿಡಿ. ಆ ದಿನದ ನಿಮ್ಮ ಹರಕೆ ಅಲ್ಲೇ ಸಂದಿತೆಂದು ತಿಳಿಯಿರಿ. ಮನೆಗೆ ಹೋದ ಮೇಲೆ ನಿಮ್ಮವರನ್ನು ಕೂರಿಸಿಕೊಂಡು, ಎಲ್ಲಿ ನೋವು ಅಂತ ಒಂದು ಸಲ ಕೇಳಿ. ಅವರು ಏನಿಲ್ಲ ಅಂದರೆ ಇನ್ನೊಂದು ಸಲ ಕೇಳಿ.

ಎಲ್ಲರಿಗೂ ಮಾದಪ್ಪನು ಒಳ್ಳೆಯದು ಮಾಡಲಿ.

ಉಘೇ ಮಾದಪ್ಪ, ಉಘೇ ಉಘೇ.